ಕಂಪನಿ ಹೆಸರಲ್ಲಿ ಹೈಪರ್‌ಕಾರ್ ತಗೊಂಡ್ರೆ "ಟ್ಯಾಕ್ಸ್ ಉಳಿಯುತ್ತೆ" ಅನ್ನೋರಿಗೆ

ಮಾರ್ಚ್ ಬಂತು ಅಂದ್ರೆ ಆಡಿಟರ್ ಆಗಿರೋ ನನ್ನ ಆಫೀಸಿಗೆ ಒಂದೇ ಥರದ ಫೋನ್ ಬರೋಕೆ ಶುರುವಾಗುತ್ತೆ. "ಸಾರ್, ಈ ಸಲ ಪ್ರಾಫಿಟ್ ಚೆನ್ನಾಗಿ ಬಂದಿದೆ, ಒಂದು ಗಾಡಿ ನೋಡಿಟ್ಟಿದೀನಿ, ಕಂಪನಿ ಹೆಸರಲ್ಲಿ ತಗೊಂಡ್ಬಿಡ್ತೀನಿ, ಹೆಂಗೂ ಟ್ಯಾಕ್ಸಿಗೆ ಹೋಗೋ ದುಡ್ಡು ತಾನೆ?" ಮೊದ್ಲೆಲ್ಲ ಗಾಡಿ ಅಂದ್ರೆ ಬೆಂಜ್, ಬಿಎಂಡಬ್ಲ್ಯು. ಈಗ ಬೆಂಗಳೂರಲ್ಲಿ ಫೆರಾರಿ, ಲಾಂಬೋರ್ಗಿನಿ ದಾಟಿ ಇನ್ನೂ ದುಬಾರಿ, ಅಪರೂಪದ ಹೈಪರ್‌ಕಾರ್ ತನಕ ಬಂದಿದೆ ಮಾತು. ಕಾರು ದೊಡ್ಡದಾಗ್ತಾ ಬಂದಿದೆ, ಆ ಕೊನೆ ವಾಕ್ಯ ಮಾತ್ರ ಹಾಗೇ ಉಳಿದಿದೆ. ಅದೊಂದು ವಾಕ್ಯಕ್ಕೋಸ್ಕರ ಇದನ್ನ ಬರೀತಿದೀನಿ.

ಆಸೆ ಬಗ್ಗೆ ನನ್ನ ತಕರಾರಿಲ್ಲ. ಇಪ್ಪತ್ತು ಮೂವತ್ತು ವರ್ಷ ದುಡಿದು ಫ್ಯಾಕ್ಟರಿ ಕಟ್ಟಿ ನೂರಾರು ಜನಕ್ಕೆ ಸಂಬಳ ಕೊಟ್ಟೋರು ತಮ್ಮ ಇಷ್ಟದ ಕಾರು ತಗೊಂಡ್ರೆ ಅದನ್ನ ಪ್ರಶ್ನೆ ಮಾಡೋ ಹಕ್ಕು ನನಗಿಲ್ಲ. ನನಗೆ ಸಂಕಟ ಆಗೋದು ಆ ಆಸೆಗೆ ಟ್ಯಾಕ್ಸ್ ಅನ್ನೋ ನೆಪ ಹುಡುಕಿ, ಆ ನೆಪಾನ ತಾವೇ ನಂಬಿ, ಅದರ ಮೇಲೆ ಕೋಟಿಗಟ್ಟಲೆ ಲೆಕ್ಕ ಹಾಕೋದು ನೋಡಿದಾಗ.

ಲೆಕ್ಕ ಸುಲಭ ಆಗ್ಲಿ ಅಂತ ರೋಡಿಗೆ ಬರೋ ಹೊತ್ತಿಗೆ 10 ಕೋಟಿ ಆಗೋ ಕಾರು ಅಂತಿಟ್ಕೊಳ್ಳಿ. ಪ್ರೈವೇಟ್ ಲಿಮಿಟೆಡ್ ಕಂಪನಿ, 22% ದರದ ಸ್ಕೀಮಲ್ಲಿದೆ, ಸರ್‌ಚಾರ್ಜು ಸೆಸ್ಸು ಸೇರಿ 25.17% ಟ್ಯಾಕ್ಸ್. ಕಾರಿಗೆ ವರ್ಷಕ್ಕೆ ಡಿಪ್ರಿಸಿಯೇಷನ್, ಅಂದ್ರೆ ಸವಕಳಿ ಅಂತ ಖರ್ಚು ತೋರಿಸೋಕೆ ಬಿಡೋ ಭಾಗ, 15%. ಮೊದಲ ವರ್ಷ 1.5 ಕೋಟಿ ಖರ್ಚು ಅಂತ ತೋರಿಸ್ಬಹುದು, ಅದರ ಮೇಲೆ ಉಳಿಯೋ ಟ್ಯಾಕ್ಸ್ ಸುಮಾರು 37.75 ಲಕ್ಷ. ಬ್ಯಾಂಕಿಂದ ಹೊರಗೆ ಹೋಗಿದ್ದು 10 ಕೋಟಿ, ಕೈಯಲ್ಲಿ ಉಳಿದಿದ್ದು 37.75 ಲಕ್ಷ. ಎರಡನೇ ವರ್ಷ ಉಳಿದ 8.5 ಕೋಟಿ ಮೇಲೆ 15%, ಮೂರನೇ ವರ್ಷ ಇನ್ನೂ ಕಮ್ಮಿ, ಹಿಂಗೆ ಇಳೀತಾ ಹೋಗುತ್ತೆ. ಐದು ವರ್ಷ ಪೂರ್ತಿ ಕ್ಲೈಮ್ ಮಾಡಿದ್ರೂ ಒಟ್ಟು ಉಳಿಯೋದು ಹತ್ತಿರ ಹತ್ತಿರ 1.40 ಕೋಟಿ.

ಇನ್ನೊಂದ್ಸಲ ಹೇಳ್ತೀನಿ, ಯಾಕಂದ್ರೆ ಇಲ್ಲೇ ಎಲ್ಲರೂ ಜಾರೋದು. ಖರ್ಚು ತೋರಿಸಿದ್ರೆ ಟ್ಯಾಕ್ಸ್ ಉಳಿಯುತ್ತೆ ಅನ್ನೋದು ನಿಜ. ಆದ್ರೆ ಉಳಿಯೋದು ರೂಪಾಯಿಗೆ 25 ಪೈಸೆ, ಅದೂ ಆ ವರ್ಷ ಖರ್ಚು ಅಂತ ಒಪ್ಪೋ ಭಾಗಕ್ಕೆ ಮಾತ್ರ. ಉಳಿದ 75 ಪೈಸೆ ನಿಮ್ಮ ಜೇಬಿಂದಲೇ ಹೋಗೋದು. "ಹೆಂಗೂ ಟ್ಯಾಕ್ಸಿಗೆ ಹೋಗೋ ದುಡ್ಡು" ಅಂತಾರಲ್ಲ, ಟ್ಯಾಕ್ಸಿಗೆ ಹೋಗ್ತಿದ್ದಿದ್ದು ಆ 25 ಪೈಸೆ ಅಷ್ಟೇ, ಕಾರಿಗೆ ಹೋಗ್ತಿರೋದು ಪೂರ್ತಿ ರೂಪಾಯಿ. ಪೀಣ್ಯದಲ್ಲಿ ಮೆಷಿನ್ ಶಾಪ್ ಇರೋ ಒಬ್ಬರಿಗೆ ಇದನ್ನ ಪೇಪರ್ ಮೇಲೆ ಬರೆದು ತೋರಿಸಿದೆ, ತಲೆ ಆಡಿಸಿದ್ರು, ಎರಡು ನಿಮಿಷ ಬಿಟ್ಟು ಮತ್ತೆ "ಆದ್ರೂ ಸಾರ್, ಟ್ಯಾಕ್ಸ್ ಅಂತೂ ಉಳಿಯುತ್ತಲ್ಲ" ಅಂದ್ರು. ಜೊತೆಗೆ ಅವರ ಮನೆಯವರು ಬಂದಿದ್ರು, ಫ್ಯಾಕ್ಟರಿ ಅಕೌಂಟ್ಸ್ ಪೂರ್ತಿ ಅವರೇ ನೋಡ್ಕೊಳ್ಳೋದು. ಅವರು ಒಂದೇ ಪ್ರಶ್ನೆ ಕೇಳಿದ್ರು: "ರೀ, ಕಾರು ತಗೊಳ್ದೇ ಇದ್ರೆ ಎಷ್ಟು ಉಳಿಯುತ್ತೆ?" ಟ್ಯಾಕ್ಸ್ ಕಟ್ಟಿದ ಮೇಲೂ ಏಳೂವರೆ ಕೋಟಿಗಿಂತ ಸ್ವಲ್ಪ ಕಮ್ಮಿ ಕಂಪನಿಯಲ್ಲೇ ಉಳಿಯುತ್ತೆ ಅಂದೆ. ಆಮೇಲೆ ನಾನು ಜಾಸ್ತಿ ವಿವರಿಸೋ ಅಗತ್ಯ ಬರಲಿಲ್ಲ.

ಮಾರ್ಚ್ ವಿಷಯಕ್ಕೆ ಬರೋಣ. ಆ ವರ್ಷ 180 ದಿನಕ್ಕಿಂತ ಕಮ್ಮಿ ಬಳಸಿದ ಆಸ್ತಿಗೆ ಡಿಪ್ರಿಸಿಯೇಷನ್ ಅರ್ಧ ಮಾತ್ರ. ಅಂದ್ರೆ ಮಾರ್ಚಲ್ಲಿ ಓಡಿಬಂದು 10 ಕೋಟಿ ಕಾರು ತಗೊಂಡೋರಿಗೆ ಆ ವರ್ಷ ಸಿಗೋದು 7.5%, ಟ್ಯಾಕ್ಸಲ್ಲಿ 19 ಲಕ್ಷಕ್ಕೂ ಸ್ವಲ್ಪ ಕಮ್ಮಿ. ಇದಕ್ಕೋಸ್ಕರ ಯಾಕೆ ಅವಸರ? ಹೈಪರ್‌ಕಾರಲ್ಲಿ ಇನ್ನೊಂದು ತೊಡಕಿದೆ. ಫೆರಾರಿ ಎಫ್80 ಜಗತ್ತಿಗೆಲ್ಲ 799, ಮೆಕ್ಲಾರೆನ್ ಡಬ್ಲ್ಯು1 399, ಬುಗಾಟಿ ಟೂರ್‌ಬಿಯಾನ್ 250. ಇಂಥ ಗಾಡಿ ಇವತ್ತು ದುಡ್ಡು ಕೊಟ್ರೆ ನಾಳೆ ಬರಲ್ಲ, ಈಗ ಅಡ್ವಾನ್ಸ್ ಕಟ್ಟಿ ಎಷ್ಟೋ ಕಾಲ ಕಾಯ್ಬೇಕು. ಅಡ್ವಾನ್ಸಿಗೆ ಡಿಪ್ರಿಸಿಯೇಷನ್ ಇಲ್ಲ. ಗಾಡಿ ಬಂದು, ರಿಜಿಸ್ಟರ್ ಆಗಿ, ಬಳಕೆಗೆ ಬಿದ್ದ ಮೇಲೇನೇ ಲೆಕ್ಕ ಶುರು. ಈ ವರ್ಷದ ಪ್ರಾಫಿಟ್ಟಿಗೂ ಆ ಕಾರಿಗೂ ಸಂಬಂಧಾನೇ ಇರಲ್ಲ.

ಪೀಣ್ಯದೋರಿಗೆ ನಾನು ಹೇಳೋ ಮಾತು ಬೇರೆ ಇದೆ. ಅದೇ ದುಡ್ಡಲ್ಲಿ ಸಿಎನ್‌ಸಿ ಮೆಷಿನ್ ತಗೊಂಡ್ರೂ ಡಿಪ್ರಿಸಿಯೇಷನ್ ಅದೇ 15%. ಆದ್ರೆ ಮೆಷಿನ್ ಮೇಲೆ ಕಟ್ಟಿದ 18% ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತೆ. ಕಾರಿಗೆ ಅದಕ್ಕೆ ತಡೆ ಇದೆ, ಜಿಎಸ್‌ಟಿ ಕಾಯ್ದೆಯ 17(5)ರಲ್ಲೇ ಬರೆದಿದೆ, ಡ್ರೈವಿಂಗ್ ಸ್ಕೂಲೋ ಟ್ಯಾಕ್ಸಿ ವ್ಯವಹಾರಾನೋ ಗಾಡಿ ಮಾರೋ ಡೀಲರ್ರೋ ಆಗಿರದಿದ್ರೆ ಸಿಗಲ್ಲ. 22 ಸೆಪ್ಟೆಂಬರ್ 2025ರಿಂದ ಇಂಥ ದೊಡ್ಡ ಕಾರುಗಳ ಮೇಲೆ ಜಿಎಸ್‌ಟಿ 40%. ಅದರಲ್ಲಿ ಒಂದು ಪೈಸೆ ಕ್ರೆಡಿಟ್ ಇಲ್ಲ. ಡೀಲರ್ ಹಿಡ್ಕೊಳ್ಳೋ 1% ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡೋ ಆದಾಯ ತೆರಿಗೆ) ನೋಡಿ ಕೆಲವರು "ಇದಾದ್ರೂ ಉಳೀತು" ಅಂತಾರೆ, ಅದು ನಿಮ್ಮದೇ ಟ್ಯಾಕ್ಸನ್ನ ಮುಂಚೆ ಕಟ್ಟಿಸಿಕೊಂಡಿದ್ದು ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ ಬುದ್ಧಿವಂತ ಕ್ಲೈಂಟ್ ಒಬ್ಬರು ಸರಿಯಾದ ಪ್ರಶ್ನೆ ಕೇಳ್ತಾರೆ, ಅದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡ್ಬೇಕು. "ಸಾರ್, ಡಿಪ್ರಿಸಿಯೇಷನ್ ಬಿಡಿ. ನನ್ನ ಹೆಸರಲ್ಲಿ ತಗೋಬೇಕು ಅಂದ್ರೆ ಕಂಪನಿಯಿಂದ ಡಿವಿಡೆಂಡ್ ತೆಗೀಬೇಕು, ಅದಕ್ಕೆ ಟ್ಯಾಕ್ಸ್ ಕಟ್ಟಬೇಕಲ್ಲ?" ನಿಜ. ಮೇಲಿನ ಸ್ಲ್ಯಾಬಲ್ಲಿರೋರಿಗೆ ಡಿವಿಡೆಂಡ್ ಮೇಲೆ 35.88% ಹೋಗುತ್ತೆ, ಕೈಗೆ 10 ಕೋಟಿ ಬರ್ಬೇಕಾದ್ರೆ ಹತ್ತಿರ ಹತ್ತಿರ 15.6 ಕೋಟಿ ತೆಗೀಬೇಕು. ಕಂಪನಿ ಹೆಸರಲ್ಲಿ ತಗೊಳ್ಳೋಕೆ ಇರೋ ನಿಜವಾದ ಆಕರ್ಷಣೆ ಇದೇ. ಆದ್ರೆ ಇದು ನಿಮಗೆ ಗೊತ್ತಾದ ಹಾಗೆ ಇಲಾಖೆಗೂ ಗೊತ್ತು. ಕಂಪನಿ ದುಡ್ಡಲ್ಲಿ ಬಂದ ಕಾರನ್ನ ಡೈರೆಕ್ಟರ್ ಪೂರ್ತಿ ಸ್ವಂತಕ್ಕೆ ಓಡಿಸಿದ್ರೆ, ಓಡಿಸೋ ಖರ್ಚಿನ ಜೊತೆಗೆ ಕಾರಿನ ಬೆಲೆಯ 10%ನ ಪ್ರತಿ ವರ್ಷ ಅವರ ಸಂಬಳಕ್ಕೆ ಸೇರಿಸೋದು ಬಹುಕಾಲದಿಂದ ಇರೋ ಲೆಕ್ಕ. 10 ಕೋಟಿ ಕಾರಿಗೆ ವರ್ಷಕ್ಕೆ 1 ಕೋಟಿ. ಸಂಬಳದ ಮೇಲೆ 39% ದರದಲ್ಲಿರೋರಿಗೆ ಅದಕ್ಕೆ 39 ಲಕ್ಷ ಟ್ಯಾಕ್ಸ್. ಮೇಲೆ ಹೇಳಿದ 37.75 ಲಕ್ಷ ಇದರ ಪಕ್ಕ ಇಟ್ಟು ನೋಡಿ. ಆ ಉಳಿತಾಯ ವರ್ಷ ವರ್ಷ ಇಳಿಯುತ್ತೆ, ಈ 39 ಲಕ್ಷ ಇಳಿಯಲ್ಲ. ಅದರ ಮೇಲೆ ಸ್ವಂತ ಬಳಕೆ ಅಂತ ಕಂಪನಿಯ ಡಿಪ್ರಿಸಿಯೇಷನ್ನನ್ನೇ ಭಾಗಶಃ ತಳ್ಳಿಹಾಕಬಹುದು, ಷೇರುದಾರರಿಗೆ ಕೊಟ್ಟ ಲಾಭ ಅಂತ ಡಿವಿಡೆಂಡ್ ಪ್ರಶ್ನೆಯನ್ನೂ ಎತ್ತಬಹುದು.

ಅರ್ಧ ಆಫೀಸು ಅರ್ಧ ಸ್ವಂತ ಅನ್ನೋದಾದ್ರೆ ಸಂಬಳಕ್ಕೆ ಸೇರೋ ಮೊತ್ತ ತುಂಬ ಸಣ್ಣದು, ಅದನ್ನ ಎಲ್ಲರೂ ಗೂಗಲ್ ಮಾಡ್ಕೊಂಡೇ ಬರ್ತಾರೆ. ಆದ್ರೆ ಆಫೀಸ್ ಕೆಲಸಕ್ಕೆ ಓಡಿದೆ ಅಂತ ನಂಬೋ ಹಾಗಿರಬೇಕಲ್ವಾ. ಎರಡೇ ಸೀಟು, ನೆಲಕ್ಕೆ ನಾಲ್ಕು ಬೆರಳು ಅಂತರ, ಪೀಣ್ಯ ಸೆಕೆಂಡ್ ಸ್ಟೇಜ್ ರೋಡಲ್ಲಿ ಹಂಪ್ ದಾಟೋಕಾಗಲ್ಲ, ಸಿಲ್ಕ್ ಬೋರ್ಡ್ ಕಡೆ ಕ್ಲೈಂಟ್ ನೋಡೋಕೆ ಇದನ್ನ ತಗೊಂಡು ಹೋಗೋರು ಯಾರು? ಫಾಸ್ಟ್‌ಟ್ಯಾಗ್ ತೆಗೆದು ನೋಡಿದ್ರೆ ಬರೀ ಭಾನುವಾರ ಬೆಳಗಿನ ಜಾವ ಸಾದಹಳ್ಳಿ ಟೋಲ್, ನಂದಿ ಬೆಟ್ಟದ ಕಡೆಗೆ ಹೋಗಿ ತಿಂಡಿ ಹೊತ್ತಿಗೆ ವಾಪಸ್. ಅಸೆಸಿಂಗ್ ಆಫೀಸರ್ ಮುಂದೆ ಕೂತು ಉತ್ತರ ಹೇಳ್ಬೇಕಾದ್ದು ನಾನು, ಆದ್ದರಿಂದ ನೀವು ಬೈದ್ರೂ ಪರವಾಗಿಲ್ಲ ಅಂತ ಮುಂಚೇನೇ ಕೇಳ್ತೀನಿ.

ಇನ್ನೊಂದು ವಾದ, ಇದಂತೂ ನನಗೆ ನಿದ್ದೆ ಕೆಡಿಸುತ್ತೆ. "ಸಾರ್, ಇದು ಲಿಮಿಟೆಡ್ ಎಡಿಷನ್, ಇನ್ವೆಸ್ಟ್‌ಮೆಂಟ್ ಥರ, ಐದು ವರ್ಷಕ್ಕೆ ರೇಟು ಏರುತ್ತೆ, ಜೊತೆಗೆ ಡಿಪ್ರಿಸಿಯೇಷನ್ನೂ ಸಿಗುತ್ತೆ." ಎರಡೂ ಒಟ್ಟಿಗೆ ಸಿಗಲ್ಲ. ಐದು ವರ್ಷ ಕ್ಲೈಮ್ ಮಾಡಿದ ಮೇಲೆ ಪುಸ್ತಕದಲ್ಲಿ ಆ ಕಾರಿನ ಬೆಲೆ ಸುಮಾರು 4.44 ಕೋಟಿ. ಆರನೇ ವರ್ಷ 12 ಕೋಟಿಗೆ ಮಾರಿದ್ರಿ ಅಂತಿಟ್ಕೊಳ್ಳಿ, ಆ ಬ್ಲಾಕಲ್ಲಿ (ಒಂದೇ ಡಿಪ್ರಿಸಿಯೇಷನ್ ದರದ ಆಸ್ತಿಗಳ ಗುಂಪಲ್ಲಿ) ಬೇರೆ ಆಸ್ತಿ ಇಲ್ಲದಿದ್ರೆ 7.56 ಕೋಟಿ ಶಾರ್ಟ್ ಟರ್ಮ್ ಗೇನ್, ಟ್ಯಾಕ್ಸ್ 1.90 ಕೋಟಿ. ಉಳಿಸಿದ್ದು 1.40, ಕಟ್ಟಿದ್ದು 1.90. ಅದೇ ಕಾರು ನಿಮ್ಮ ಸ್ವಂತ ಹೆಸರಲ್ಲಿ, ಸ್ವಂತ ಬಳಕೆಗೆ ಇದ್ದಿದ್ರೆ? ಸ್ವಂತ ಬಳಕೆಯ ಕಾರು ಕ್ಯಾಪಿಟಲ್ ಅಸೆಟ್ (ಮಾರಿದ ಲಾಭಕ್ಕೆ ಟ್ಯಾಕ್ಸ್ ಬೀಳೋ ಆಸ್ತಿ) ಲೆಕ್ಕಕ್ಕೇ ಬರಲ್ಲ, ಚಿನ್ನ, ಪೇಂಟಿಂಗ್ ಥರ ಅಲ್ಲ, ಆ ಎರಡು ಕೋಟಿ ಲಾಭಕ್ಕೆ ಟ್ಯಾಕ್ಸೇ ಇಲ್ಲ. ನಷ್ಟ ಆದ್ರೆ ಅದನ್ನೂ ತೋರಿಸೋ ಹಾಗಿಲ್ಲ. ಹತ್ತಾರು ಕಾರು ತಗೊಂಡು ಮಾರಿ ಮಾಡ್ತಿದ್ರೆ ಇಲಾಖೆ ವ್ಯಾಪಾರ ಅನ್ನಬಹುದು, ಅದು ಬೇರೆ ವಿಷಯ. ಆದ್ರೆ ರೇಟು ಏರುತ್ತೆ ಅಂತ ನಿಜವಾಗ್ಲೂ ನಂಬೋರಿಗೆ ಕಂಪನಿ ಹೆಸರು ಅತಿ ಕೆಟ್ಟ ಜಾಗ.

ಕನ್ಸಲ್ಟಿಂಗ್ ಕಂಪನಿ ಇಟ್ಟಿರೋ ಒಬ್ಬರಿಗೆ ಇದು ಆಗೇ ಆಯ್ತು. ಅವರ ಹತ್ರ ಲ್ಯಾಪ್‌ಟಾಪ್ ಬಿಟ್ರೆ ಆಸ್ತಿ ಇಲ್ಲ, ಅದು ಬೇರೆ ಬ್ಲಾಕು. 4 ಕೋಟಿ ಸೂಪರ್‌ಕಾರ್, ನಾಲ್ಕು ವರ್ಷಕ್ಕೆ ಪುಸ್ತಕದಲ್ಲಿ 2.09 ಕೋಟಿ. ಒಳ್ಳೇ ರೇಟು ಬಂತು ಅಂತ 3.2 ಕೋಟಿಗೆ ಮಾರಿ ಖುಷಿಯಾಗಿ ನನಗೆ ಸ್ವೀಟ್ ಬಾಕ್ಸ್ ಕಳಿಸಿದ್ರು. 28 ಲಕ್ಷ ಟ್ಯಾಕ್ಸ್ ಅಂದಾಗ "80 ಲಕ್ಷ ಲಾಸಲ್ಲಿ ಮಾರಿದೀನಿ, ಇದ್ಯಾವ ಗೇನು ಸಾರ್?" ಅಂತ ಕೇಳಿದ್ರು. ಪಾಪ, ಅವರ ಬೇಜಾರು ನನಗೆ ಅರ್ಥ ಆಗುತ್ತೆ. ಪೀಣ್ಯದೋರಿಗಾದ್ರೆ ಅದೇ ಬ್ಲಾಕಲ್ಲಿ ಮೆಷಿನ್‌ಗಳಿರುತ್ತೆ, ಏಟು ತಕ್ಷಣ ಬೀಳಲ್ಲ, ಮುಂದಿನ ವರ್ಷಗಳ ಡಿಪ್ರಿಸಿಯೇಷನ್ ಕಮ್ಮಿಯಾಗಿ ನಿಧಾನಕ್ಕೆ ಬೀಳುತ್ತೆ.

ರೇಟು ಏರೋ ಮಾತನ್ನೂ ಸ್ವಲ್ಪ ತೂಗಿ ನೋಡಿ. ಪೂರ್ತಿ ಜೋಡಿಸಿದ ದುಬಾರಿ ಕಾರು ಹೊರಗಿಂದ ಬಂದ್ರೆ, ಈಗಿನ ದರದಲ್ಲಿ ಸುಂಕ, ಕೃಷಿ ಸೆಸ್ ಸೇರಿ 110%. ಅಂದ್ರೆ ಬಂದರಲ್ಲಿ 100 ರೂಪಾಯಿ ಇದ್ದಿದ್ದು 210, ಅದರ ಮೇಲೆ 40% ಜಿಎಸ್‌ಟಿ ಬಿದ್ದು 294, ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ 18%, ಅದರ ಮೇಲಿನ ಸೆಸ್ಸು ಸೇರಿ ಸುಮಾರು 20%, ಒಟ್ಟು 350ರ ಆಸುಪಾಸು. ಡೀಲರ್ ಮಾರ್ಜಿನ್ ಬಿಟ್ಟು. ವಿದೇಶದ ಹರಾಜಲ್ಲಿ ಏರಿದ ರೇಟು ನೋಡಿ ನೀವು ಕನಸು ಕಾಣ್ತೀರಿ, ಅದು ಏರಿದ್ದು ಆ 100ರ ಮೇಲೆ. ನೀವು ಕೊಟ್ಟಿದ್ದು 350. ಬ್ರಿಟನ್ ಜೊತೆ ಜುಲೈ 2025ರಲ್ಲಿ ಸಹಿ ಆದ ಒಪ್ಪಂದದಲ್ಲಿ ಕೋಟಾ ಒಳಗಿನ ಕಾರುಗಳಿಗೆ ಸುಂಕ ಹಂತ ಹಂತವಾಗಿ 10% ತನಕ ಇಳಿಸೋ ಏರ್ಪಾಡಿದೆ. ಹೊಸದರ ಸುಂಕ ಇಳಿದ್ರೆ ಹಳೇದಕ್ಕೆ ಇಲ್ಲಿ ಯಾರು ಹಳೇ ರೇಟು ಕೊಡ್ತಾರೆ? ಬಲಗಡೆ ಸ್ಟಿಯರಿಂಗ್ ಸಿಗುತ್ತಾ ಅಂತಲೂ ಮೊದಲೇ ಕೇಳ್ಕೊಳ್ಳಿ. ಬುಗಾಟಿ ಶಿರಾನ್ 500 ಮಾಡಿದ್ರು, ಎಲ್ಲ ಎಡಗಡೆ ಸ್ಟಿಯರಿಂಗೇ. ನಮ್ಮಲ್ಲಿ ಹೊಸ ಕಾರು ಆಮದು ಮಾಡ್ಕೊಳ್ಳೋಕೆ ಬಲಗಡೆದೇ ಆಗಬೇಕು ಅನ್ನೋದು ಸಾಮಾನ್ಯ ನಿಯಮ.

ಲೈಫ್‌ಟೈಮ್ ಟ್ಯಾಕ್ಸ್ ಉಳಿಸೋಕೆ ಬೇರೆ ರಾಜ್ಯದಲ್ಲಿ ಒಂದು ಬ್ರಾಂಚ್ ತೋರಿಸಿ ಅಲ್ಲಿ ರಿಜಿಸ್ಟರ್ ಮಾಡಿಸ್ತೀನಿ ಅನ್ನೋರಿಗೆ ನಾನು ಕಾಗದ ಮಾಡಿಕೊಡಲ್ಲ. ಜುಲೈ 2025ರಲ್ಲಿ ಬೆಂಗಳೂರಲ್ಲಿ ಓಡ್ತಿದ್ದ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯ ಮಾಲೀಕರಿಂದ ಆರ್‌ಟಿಓ ಸುಮಾರು 1.42 ಕೋಟಿ ಕಟ್ಟಿಸಿಕೊಂಡಿದ್ದು ಪೇಪರಲ್ಲೆಲ್ಲ ಬಂತು. ಅಂಥ ಗಾಡಿ ಈ ಊರಲ್ಲಿ ಬಚ್ಚಿಡೋಕಾಗಲ್ಲ, ಸಿಗ್ನಲಲ್ಲಿ ನಿಂತ್ರೆ ಹತ್ತು ಜನ ವಿಡಿಯೋ ಮಾಡ್ತಾರೆ.

ಎಲ್‌ಎಲ್‌ಪಿ ಅಥವಾ ಪಾರ್ಟ್ನರ್‌ಶಿಪ್ ಇರೋರು ಇದನ್ನೆಲ್ಲ ಹಂಗೇ ತಮಗೆ ಅನ್ವಯ ಮಾಡ್ಕೋಬೇಡಿ. ಅಲ್ಲಿ ದೊಡ್ಡ ಆದಾಯದ ಮೇಲೆ ಟ್ಯಾಕ್ಸ್ 34.94%, ಡಿಪ್ರಿಸಿಯೇಷನ್ ಲಾಭ ಸ್ವಲ್ಪ ಜಾಸ್ತಿ. ಆದ್ರೆ ಫರ್ಮ್ ಟ್ಯಾಕ್ಸ್ ಕಟ್ಟಿದ ಮೇಲೆ ನಿಮ್ಮ ಪಾಲಿನ ಲಾಭ ಮನೆಗೆ ತಂದ್ರೆ ಮತ್ತೆ ಟ್ಯಾಕ್ಸ್ ಇಲ್ಲ, ಡಿವಿಡೆಂಡ್ ತಲೆನೋವೇ ಇಲ್ಲ. ಅಂಥೋರು ಕಾರು ಬೇಕು ಅಂದ್ರೆ ಸ್ವಂತ ಹೆಸರಲ್ಲೇ ತಗೊಳ್ಳಿ ಅಂತ ಬಹುಪಾಲು ಸಲ ಹೇಳ್ತೀನಿ. ಏಪ್ರಿಲ್ 1, 2026ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರೆಲ್ಲ ಬದಲು, ದರಗಳೂ ಬಜೆಟ್ಟಿಗೊಮ್ಮೆ ಅಲ್ಲಾಡುತ್ತೆ. ಹಾಗಾಗಿ ಅಡ್ವಾನ್ಸ್ ಚೆಕ್ ಬರೆಯೋಕೆ ಮುಂಚೆ ನಿಮ್ಮ ಆಡಿಟರ್ ಹತ್ರ ಎರಡು ಹಾಳೆ ಮಾಡಿಸಿ, ಒಂದು ಕಂಪನಿ ಹೆಸರಲ್ಲಿ, ಇನ್ನೊಂದು ನಿಮ್ಮ ಹೆಸರಲ್ಲಿ, ಎರಡರಲ್ಲೂ ಆರನೇ ವರ್ಷ ಮಾರೋ ಸಾಲು ಇರ್ಲಿ. ಮತ್ತೆ ದಯವಿಟ್ಟು ಜೂನ್ ಜುಲೈನಲ್ಲಿ ಬನ್ನಿ, ಮಾರ್ಚ್ ಕೊನೆ ವಾರ ಬೇಡ.