ಹೊಸ ಔಷಧದ ಶೋಧ: ಪಿಂಪ್ರಿಯ ಹ್ಯಾಮೈಸಿನ್ ಕಲಿಸುವ ಪಾಠ

ಪುಣೆಯಲ್ಲಿ ಫಾರ್ಮಸಿ ಓದುತ್ತಿರುವ ಕನ್ನಡದ ಗೆಳೆಯರೊಂದಿಗೆ ಔಷಧಶೋಧದ ಅಧ್ಯಾಯಕ್ಕೆ ಕೂತಾಗಲೆಲ್ಲ ನಾನು ಪುಣೆಗೆ ಹೊಂದಿಕೊಂಡ ಪಿಂಪ್ರಿಯಿಂದಲೇ ಆರಂಭಿಸುತ್ತೇನೆ. 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಅಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಔಷಧ ಕಂಪನಿ ಪೆನಿಸಿಲಿನ್ ತಯಾರಿಕೆಗಷ್ಟೇ ನಿಲ್ಲದೆ ಹೊಸ ಅಣುಗಳನ್ನೂ ಹುಡುಕಿತು. ಅದರ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಪಾಠ ಹೇಳಿದ್ದ ಎಂ. ಜೆ. ತಿರುಮಲಾಚಾರ್ ಅವರ ತಂಡ 1960ರ ದಶಕದ ಆರಂಭದಲ್ಲಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಬೆಳಕಿಗೆ ತಂದಿತು. ಅದನ್ನು ಉತ್ಪಾದಿಸುವ ಸೂಕ್ಷ್ಮಜೀವಿಗೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದು ಊರಿನ ಹೆಸರನ್ನೇ ಇಟ್ಟರು.

ಮೊದಲ ಮಳೆಗೆ ನೆಲದಿಂದೇಳುವ ವಾಸನೆಗೆ ಬಹುಮಟ್ಟಿಗೆ ಕಾರಣವಾದ ಜಿಯೋಸ್ಮಿನ್, ಮಣ್ಣಿನಲ್ಲಿ ಬದುಕುವ ಈ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಗಳು ತಯಾರಿಸುವ ವಸ್ತು. ಒಂದು ಗ್ರಾಂ ಮಣ್ಣನ್ನು ಕ್ರಿಮಿರಹಿತ ನೀರಿನಲ್ಲಿ ಕದಡಿ, ಹತ್ತು ಹತ್ತು ಪಟ್ಟು ತೆಳುವಾಗಿಸುತ್ತ ಹೋಗಿ, ಕೊನೆಯ ಹನಿಗಳನ್ನು ಸೂಕ್ಷ್ಮಜೀವಿಗಳನ್ನು ಬೆಳೆಸುವ ಲೋಳೆಯಾದ ಅಗಾರ್ ತುಂಬಿದ ತಟ್ಟೆಯ ಮೇಲೆ ಹರಡಿದರೆ, ಸುಮಾರು ಒಂದು ವಾರದಲ್ಲಿ ಸೀಮೆಸುಣ್ಣದ ಪುಡಿ ಉದುರಿಸಿದಂತೆ ಕಾಣುವ, ಸೂಜಿಯಿಂದ ಎತ್ತಹೋದರೆ ಅಗಾರ್ ಬಿಟ್ಟು ಬರಲೊಲ್ಲದ ಒಣ ಕಾಲೊನಿಗಳು, ಅಂದರೆ ಸೂಕ್ಷ್ಮಜೀವಿಗಳ ಗುಂಪುಗಳು, ಮೂಡುತ್ತವೆ. ಅಂಥ ಒಂದೊಂದನ್ನೂ ಬೇರೆಯಾಗಿ ಬೆಳೆಸಿ, ಅದರ ದ್ರವವನ್ನು ಕ್ಯಾಂಡಿಡಾ ಎಂಬ ರೋಗಕಾರಕ ಶಿಲೀಂಧ್ರವನ್ನು ಹರಡಿದ ತಟ್ಟೆಯ ಗುಂಡಿಗೆ ಹಾಕಿ, ಮರುದಿನ ಸುತ್ತಲೂ ಶಿಲೀಂಧ್ರ ಬೆಳೆಯದ ತಿಳಿಯಾದ ವೃತ್ತ ಮೂಡಿದೆಯೇ ಎಂದು ನೋಡುತ್ತಾರೆ. ವೃತ್ತ ಸಿಕ್ಕಿದ ಮೇಲೆ ಹುದುಗುವಿಕೆ, ದ್ರಾವಕದಿಂದ ಬೇರ್ಪಡಿಸುವಿಕೆ, ಶುದ್ಧೀಕರಣ, ರಚನೆಯ ನಿರ್ಧಾರ ಇವೆಲ್ಲ ಬರುತ್ತವೆ. ಅವುಗಳ ವಿವರ ಪಠ್ಯಪುಸ್ತಕಗಳಲ್ಲಿ ಸಾಕಷ್ಟಿದೆ.

ನಾವು ನಿಧಾನವಾಗಿ ಓದಬೇಕಾದದ್ದು ಇದರ ಮುಂದಿನ ಪ್ರಶ್ನೆಯನ್ನು. ಆ ವಸ್ತು ಶಿಲೀಂಧ್ರವನ್ನು ಕೊಲ್ಲುತ್ತದೆ, ಸರಿ, ರೋಗಿಯನ್ನು ಉಳಿಸುತ್ತದೆಯೇ? ಪೆನಿಸಿಲಿನ್ ದಾಳಿ ಮಾಡುವುದು ಬ್ಯಾಕ್ಟೀರಿಯದ ಕೋಶಭಿತ್ತಿಯ ಮೇಲೆ. ನಮ್ಮ ಕೋಶಗಳಿಗೆ ಭಿತ್ತಿಯೇ ಇಲ್ಲ, ಆದ್ದರಿಂದ ಆ ದಾಳಿ ನಮಗೆ ತಟ್ಟದು. ಶಿಲೀಂಧ್ರವಾದರೋ ರಚನೆಯಲ್ಲಿ ನಮಗೆ ಹತ್ತಿರದ ನೆಂಟ. ಹ್ಯಾಮೈಸಿನ್ ಮತ್ತು ಆಂಫೊಟೆರಿಸಿನ್-ಬಿ ಸೇರಿದ ಪಾಲಿಈನ್ ಗುಂಪಿನ ಔಷಧಗಳು ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ಅಣುವನ್ನು ಹಿಡಿದು ಪೊರೆಯನ್ನು ಕೆಡಿಸುತ್ತವೆ. ಒಳಗಿನ ಪೊಟ್ಯಾಸಿಯಂ ಸೋರಿಹೋಗುತ್ತದೆ. ನಮ್ಮ ಪೊರೆಯಲ್ಲಿರುವ ಕೊಲೆಸ್ಟೆರಾಲ್ ಅದರಂತೆಯೇ ಇರುವ ಅಣುವಾದ್ದರಿಂದ, ಹಿಡಿತ ಅಷ್ಟು ಬಿಗಿಯಲ್ಲದಿದ್ದರೂ, ಪೆಟ್ಟು ನಮಗೂ ತಟ್ಟುತ್ತದೆ. ಆಂಫೊಟೆರಿಸಿನ್-ಬಿ ಪಡೆದವರ ಮೂತ್ರಪಿಂಡಗಳಿಗೆ ಹಾನಿಯಾಗುವುದಕ್ಕೆ ಇದೇ ಮುಖ್ಯ ಕಾರಣ. ಆದ್ದರಿಂದ ವಿಷತ್ವವನ್ನು ‘ಅಡ್ಡಪರಿಣಾಮ’ ಎಂದು ಪರೀಕ್ಷೆಯಲ್ಲಿ ಬರೆಯುವ ಉತ್ತರದ ಕೊನೆಯ ಸಾಲಿಗೆ ತಳ್ಳುವುದು ತಪ್ಪೆಂದೇ ನನ್ನ ಅಭಿಪ್ರಾಯ. ಔಷಧವು ಕೆಲಸ ಮಾಡುವ ಬಗೆಯಲ್ಲೇ ಅದು ಅಡಗಿದೆ.

ಪ್ರಾಣಿಗಳ ಮೇಲಿನ ಪರೀಕ್ಷೆ, ಅನಂತರ ಮನುಷ್ಯರ ಮೇಲೆ ಹಂತಹಂತವಾಗಿ ನಡೆಯುವ ಪ್ರಯೋಗ ಇವೆಲ್ಲ ಈ ಅಂತರವನ್ನೇ ಅಳೆಯುತ್ತವೆ: ಗುಣಪಡಿಸುವ ಪ್ರಮಾಣಕ್ಕೂ ಹಾನಿ ಮಾಡುವ ಪ್ರಮಾಣಕ್ಕೂ ನಡುವೆ ಎಷ್ಟು ಜಾಗವಿದೆ? ಜಾಗ ಕಿರಿದಾಗಿದ್ದರೆ ಅಣುವನ್ನು ಬಿಟ್ಟುಬಿಡಬೇಕೆಂದೇನೂ ಇಲ್ಲ. ಕೊಡುವ ದಾರಿಯನ್ನು ಬದಲಿಸಬಹುದು. ಆಂಫೊಟೆರಿಸಿನನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಾದ ಲಿಪೊಸೋಮ್‌ಗಳಲ್ಲಿಟ್ಟು ಕೊಟ್ಟಾಗ ಮೂತ್ರಪಿಂಡದ ಹಾನಿ ಕಡಿಮೆಯಾಯಿತು. ಹ್ಯಾಮೈಸಿನನ್ನು ಬಾಯಿ, ಚರ್ಮಗಳ ಸೋಂಕಿಗೆ ಮೇಲಿನಿಂದ ಹಚ್ಚುವ ರೂಪದಲ್ಲಿ ಬಳಸಿದರು. ಪಿಂಪ್ರಿಯ ಅದೇ ಪ್ರಯೋಗಾಲಯದ ಇನ್ನೊಂದು ಪಾಲಿಈನ್ ಔರಿಯೊಫಂಗಿನ್ ಆಸ್ಪತ್ರೆಯ ಬದಲು ಹೊಲ-ತೋಟಗಳ ಕಡೆಗೆ ನಡೆದು, ಬೆಳೆಗಳ ಶಿಲೀಂಧ್ರರೋಗಕ್ಕೆ ಮದ್ದಾಯಿತು.