ತೂಕ ಸರಿಯಿದೆ, ಎಣ್ಣೆ ಕಮಟಾಗಿದೆ

‘ದಿನಕ್ಕೊಂದು ಪ್ಯಾಕ್ ಸೇದ್ತೀನಿ, ಆದ್ರೂ ಕೊಲೆಸ್ಟ್ರಾಲ್ ನಾರ್ಮಲ್’ ಎಂದು ಲಿಪಿಡ್ ಪ್ರೊಫೈಲ್ ಮುಂದೆ ಹಿಡಿಯುವವರು ಕಡಿಮೆಯಿಲ್ಲ. ರಿಪೋರ್ಟು ಸುಳ್ಳು ಹೇಳುತ್ತಿಲ್ಲ. ಸೇದುವವರಲ್ಲಿ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ಹೆಚ್ಚುವುದೇ ಅಲ್ಪ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ 1989ರ ಲೆಕ್ಕದಲ್ಲಿ ಏರಿಕೆ ಶೇ 1.7. ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಶೇ 5.7ರಷ್ಟು ಇಳಿದಿತ್ತು, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಶೇ 9ರಷ್ಟು ಏರಿತ್ತು. ಆದರೆ ರಿಪೋರ್ಟು ಹೇಳುವುದು ತೂಕವನ್ನಷ್ಟೇ, ಕೆಟ್ಟಿದೆಯೇ ಎಂಬುದನ್ನಲ್ಲ: ತಕ್ಕಡಿಗೆ ತಾಜಾ ಕಡಲೆಕಾಯಿ ಎಣ್ಣೆಯೂ ಒಂದೇ, ಕಮಟು ಹಿಡಿದದ್ದೂ ಒಂದೇ.

ಎಲ್‌ಡಿಎಲ್ ಎಂಬುದು ಸುಮಾರು 22 ನ್ಯಾನೊಮೀಟರ್ ಅಗಲದ ಜಿಡ್ಡಿನ ಉಂಡೆ. ಸುತ್ತ ಅಪೊ-ಬಿ ಎಂಬ ಒಂದೇ ಒಂದು ಪ್ರೋಟೀನು. ಒಳಗಿನ ಕೊಬ್ಬಿನಲ್ಲಿ ಲಿನೋಲಿಯಿಕ್ ಆಮ್ಲವೇ ಹೇರಳ, ಬೇಗ ಕಮಟಾಗುವುದೂ ಅದೇ. ಕಾವಲಿಗಿರುವುದು ಸರಾಸರಿ ಆರೇಳು ವಿಟಮಿನ್ ಇ ಅಣುಗಳು. ಸಿಗರೇಟಿನ ಒಂದೇ ಒಂದು ದಮ್ಮಿನ ಅನಿಲದಲ್ಲಿ ಫ್ರೀ ರ‍್ಯಾಡಿಕಲ್‌ಗಳ ಸಂಖ್ಯೆ ಒಂದರ ಮುಂದೆ ಹದಿನೈದು ಸೊನ್ನೆ!

ಅವು ನೇರವಾಗಿ ರಕ್ತನಾಳದ ಗೋಡೆಯವರೆಗೆ ಹೋಗುವುದಿಲ್ಲ, ಅಷ್ಟು ಹೊತ್ತು ಬಾಳುವುದೂ ಇಲ್ಲ. ಹೊಗೆ ರಕ್ತದ ವಿಟಮಿನ್ ಸಿ ಬರಿದು ಮಾಡುತ್ತದೆ, ಬಿಳಿ ರಕ್ತಕಣಗಳನ್ನು ಕೆರಳಿಸಿ ಹೊಸ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಮುಂದಿನದು ಕುರ್ಚಿ ಆಟ. ರ‍್ಯಾಡಿಕಲ್ ಎಂದರೆ ಕುರ್ಚಿ ಸಿಗದವನು. ಅವನು ಪಕ್ಕದ ಕೊಬ್ಬಿನಿಂದ ಒಂದು ಹೈಡ್ರೋಜನ್ ಕಿತ್ತು ತಾನು ಕೂರುತ್ತಾನೆ. ಎದ್ದವನು ಆಕ್ಸಿಜನ್ ಹಿಡಿದು ಇನ್ನೂ ಒರಟಾಗಿ ಮತ್ತೊಬ್ಬನನ್ನು ಎಬ್ಬಿಸುತ್ತಾನೆ. ವಿಟಮಿನ್ ಇ ತನ್ನ ಕುರ್ಚಿ ಬಿಟ್ಟುಕೊಟ್ಟು ಸುಮ್ಮನೆ ನಿಲ್ಲಬಲ್ಲದು, ಅದಕ್ಕೆ ಮತ್ತೆ ಕುರ್ಚಿ ಕೊಡುವುದು ವಿಟಮಿನ್ ಸಿ. ಸಿ ಬರಿದಾದರೆ ಆಟ ನಿಲ್ಲಿಸುವವರೇ ಇಲ್ಲ.

ಒಡೆದ ಕೊಬ್ಬಿನ ತುಣುಕುಗಳು ಅಪೊ-ಬಿಗೆ ಅಂಟಿಕೊಂಡು ಅದರ ಗುರುತು ಕೆಡಿಸುತ್ತವೆ. 1979ರಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ತಂಡ ಒಂದು ಸೋಜಿಗ ಕಂಡಿತು: ದೇಹದ ಕಸ ನುಂಗುವ ಮ್ಯಾಕ್ರೊಫೇಜ್ ಕೋಶಗಳು ಸಹಜ ಎಲ್‌ಡಿಎಲ್ ಅನ್ನು ಮೂಸಿಯೂ ನೋಡುವುದಿಲ್ಲ, ರಾಸಾಯನಿಕವಾಗಿ ತಿದ್ದಿದ್ದನ್ನು ಮಾತ್ರ ಗಬಗಬ ನುಂಗುತ್ತವೆ. ಅಂಥ ತಿದ್ದುಪಡಿ ದೇಹದಲ್ಲಿ ಎಲ್ಲಿ ಆಗುತ್ತದೆ? ಸ್ಟೈನ್‌ಬರ್ಗ್ ತಂಡ 1981ರಲ್ಲಿ ರಕ್ತನಾಳದ ಒಳಪದರದ ಕೋಶಗಳ ಜೊತೆ ಎಲ್‌ಡಿಎಲ್ ಇಟ್ಟು ನೋಡಿತು, ಅವೇ ಅದನ್ನು ಕೆಡಿಸಿದ್ದವು. ಮಾಮೂಲಿ ಕೋಶಕ್ಕೆ ಹೊಟ್ಟೆ ತುಂಬಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಮ್ಯಾಕ್ರೊಫೇಜಿನ ಕಸ ಗುಡಿಸುವ ಬಾಗಿಲಿಗೆ ಅಗುಳಿಯೇ ಇಲ್ಲ. ತಿಂದು ತಿಂದು ಅದು ನೊರೆಕೋಶವಾಗಿ ರಕ್ತನಾಳದ ಗೋಡೆಯಲ್ಲೇ ಉಳಿದುಬಿಡುತ್ತದೆ, ಹೃದ್ರೋಗಕ್ಕೆ ಬುನಾದಿ ಇದೇ. ಕೊಲೆಸ್ಟ್ರಾಲ್ ವಾಪಸು ಒಯ್ಯಬೇಕಾದ ಎಚ್‌ಡಿಎಲ್‌ನ ಪ್ರೋಟೀನನ್ನೂ ಹೊಗೆಯಲ್ಲಿನ ಅಕ್ರೋಲಿನ್ ಎಂಬ ರಾಸಾಯನಿಕ ಹಾಳುಮಾಡುತ್ತದೆ.

ಹಾಗಾದರೆ ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗಿ ಸೇದಿದರಾಯಿತಲ್ಲ? ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಇದನ್ನೇ ಪರೀಕ್ಷಿಸಿದರು. 1994ರ ಫಲಿತಾಂಶದಲ್ಲಿ ಬೀಟಾ ಕ್ಯಾರೋಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಬೀಡಿ ಎಲೆಯದ್ದು, ನೈಸರ್ಗಿಕ ಎನ್ನುವ ವಾದವೂ ಅಷ್ಟೇ ಟೊಳ್ಳು: ಬೀಡಿ ಸುತ್ತುವ ತೂಪ್ರದ ಎಲೆಗೆ ಗಾಳಿಯಾಡುವ ರಂಧ್ರಗಳಿಲ್ಲ, ಆರದಂತೆ ಪದೇ ಪದೇ ಜೋರಾಗಿ ಎಳೆಯಬೇಕು.

ಬಿಟ್ಟ ಕೆಲವೇ ವಾರಗಳಲ್ಲಿ ಎಚ್‌ಡಿಎಲ್ ಏರತೊಡಗುತ್ತದೆ. ಪೂರ್ತಿ ಬಿಟ್ಟರೆ ಮಾತ್ರ ಈ ಮಾತು. ದಿನಕ್ಕೆ ಇಪ್ಪತ್ತರಿಂದ ಒಂದಕ್ಕೆ ಇಳಿಸಿದವರಿಗೆ ಹೃದ್ರೋಗದ ಹೆಚ್ಚುವರಿ ಅಪಾಯ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯುವುದಿಲ್ಲ, ಹತ್ತಿರಹತ್ತಿರ ಅರ್ಧ ಹಾಗೆಯೇ ಉಳಿಯುತ್ತದೆ.