ಎರಡಡಿ ದಪ್ಪ ಇದ್ದರೂ ಐಸು ಯಾಕೆ ಕೈಕೊಡುತ್ತೆ?

ಉತ್ತರ ಅಮೆರಿಕದಲ್ಲಿ ಚಳಿಗಾಲ ಪೂರ್ತಿ ಹೆಪ್ಪುಗಟ್ಟೋ ಸರೋವರಗಳ ದಡದಲ್ಲಿ ಒಂದು ಹಳೇ ನಂಬಿಕೆ ಇದೆ, ವಸಂತ ಬಂದಾಗ ಐಸು ಕಪ್ಪಾಗುತ್ತೆ, ಆಮೇಲೆ ಒಂದು ರಾತ್ರಿ ಮುಳುಗಿ ಹೋಗುತ್ತೆ ಅಂತ. ಹಾಗೆ ಹೇಳೋರ ಕಣ್ಣಿಗೆ ಕಂಡಿದ್ದೂ ಹಾಗೇ ಬಿಡಿ. ನಿನ್ನೆ ಸಂಜೆ ಈ ದಡದಿಂದ ಆ ದಡದ ತನಕ ಹಾಸಿದ್ದ ಐಸು ಬೆಳಗ್ಗೆ ನೋಡಿದ್ರೆ ಇಲ್ಲ, ಬರೀ ನೀರು, ಅಲೆ! ಆದ್ರೆ ಒಂದು ಘನ ಮೀಟರ್ ಐಸು ತೂಗೋದು ಸುಮಾರು 917 ಕೆಜಿ, ಅಷ್ಟೇ ನೀರು 1000 ಕೆಜಿ, ಹಾಗಿರುವಾಗ ಅದು ಎಲ್ಲಿ ಮುಳುಗೋದು? ನಿಜವಾಗಿ ನಡೆಯೋದು ಬೇರೆ, ಮುಳುಗೋದಕ್ಕಿಂತ ಎಷ್ಟೋ ಸೊಗಸಾದ ವಿಷಯ ಅದು. ಅದನ್ನ ತಿಳ್ಕೊಳ್ಳದೆ ಪ್ರತಿ ವರ್ಷ ಜನ ಜೀವ ಕಳ್ಕೋತಾರೆ ಅನ್ನೋದು ನನಗೆ ಬೇಜಾರು.

ಎಲ್ಲರೂ ಐಸನ್ನ ದಪ್ಪ ನೋಡಿ ನಂಬ್ತಾರೆ. ಚಳಿಗಾಲದ ಶುರುವಿನಲ್ಲಿ ಕಟ್ಟೋ ಹೊಸ ಐಸು, ಗಾಜಿನ ಥರ ತಿಳಿಯಾಗಿರೋದು, 4 ಇಂಚು ಇದ್ರೆ ಒಬ್ಬ ಮನುಷ್ಯ ನಡೆದು ಹೋಗಬಹುದು ಅನ್ನೋ ಲೆಕ್ಕ ಅಮೆರಿಕದಲ್ಲಿ ಚಾಲ್ತಿಯಲ್ಲಿದೆ. ಸರಿ, ಐಸಿಗೆ ತೂತು ಕೊರೆದು ಮೀನು ಹಿಡಿಯೋರು ಮಾರ್ಚ್ ಕೊನೆಗೆ ಅದೇ ಜಾಗದಲ್ಲಿ ಬೈರಿಗೆ ಹಾಕಿ ಕೊರೆದ್ರೆ 20 ಇಂಚು ಸಿಗುತ್ತೆ, ಹಾಗಾದ್ರೆ ಇನ್ನೂ ಗಟ್ಟಿ ತಾನೇ ಅಂತ ಧೈರ್ಯವಾಗಿ ಕಾಲಿಡ್ತಾರೆ. ಇಲ್ಲೇ ಲೆಕ್ಕ ತಪ್ಪೋದು. ದಪ್ಪ ಹಾಗೇ ಇರುತ್ತೆ, ಆದ್ರೆ ಗಟ್ಟಿತನ ಹೋಗಿರುತ್ತೆ.

ಸರೋವರದ ಐಸು ಮೇಲಿಂದ ಕೆಳಕ್ಕೆ ಬೆಳೆಯುತ್ತೆ, ಒಂದೊಂದು ಹರಳೂ ಕಂಬದ ಹಾಗೆ ನೆಟ್ಟಗೆ ಇಳೀತಾ ಹೋಗುತ್ತೆ, ಪಕ್ಕದಲ್ಲಿ ಇನ್ನೊಂದು ಕಂಬ, ಅದರ ಪಕ್ಕ ಮತ್ತೊಂದು. ನೀರಲ್ಲಿರೋ ಉಪ್ಪನ್ನ, ಕೊಳೆಯನ್ನ ಈ ಹರಳು ಒಳಗೆ ಸೇರಿಸ್ಕೊಳ್ಳಲ್ಲ, ಪಕ್ಕಕ್ಕೆ ದೂಡುತ್ತೆ, ಅದೆಲ್ಲ ಹೋಗಿ ಎರಡು ಕಂಬದ ನಡುವಿನ ಸಂದಿಯಲ್ಲಿ ಕೂತ್ಕೊಳ್ಳುತ್ತೆ. ಉಪ್ಪು ಇರೋ ಕಡೆ ಐಸು ಬೇಗ ಕರಗುತ್ತೆ, ಅಂದ್ರೆ ಬಿಸಿಲು ಒಳಗೆ ಬಂದ ದಿನ ಮೊದಲು ಬಿಟ್ಟುಕೊಡೋದು ಸಂದಿಗಳೇ. ಇಟ್ಟಿಗೆ ಗೋಡೆ ನೆನಪಿಸ್ಕೊಳ್ಳಿ, ಇಟ್ಟಿಗೆ ಒಂದೂ ಸವೆದಿಲ್ಲ, ನಡುವಿನ ಗಾರೆ ಮಾತ್ರ ತೊಳೆದು ಹೋಗಿದೆ. ಅಥವಾ ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿದ ಪೆನ್ಸಿಲ್ ಕಟ್ಟು, ಬ್ಯಾಂಡ್ ತೆಗೆದ ಕ್ಷಣ ಬಿಡಿಬಿಡಿ. ನನಗೆ ಇಷ್ಟವಾದ ಹೋಲಿಕೆ ಅಂದ್ರೆ ಹಲ್ಲು ವಸಡಿನದು: ಹಲ್ಲು ಕಲ್ಲಿನಂಗಿದೆ, ಆದ್ರೆ ವಸಡು ಸಡಿಲ ಆದ್ಮೇಲೆ ಆ ಗಟ್ಟಿತನ ಕಟ್ಟಿಕೊಂಡು ಏನು ಮಾಡೋದು?

ಈ ಸಂದಿಗಳ ವಿಷಯ ಯಾಕೆ ಅಷ್ಟು ದೊಡ್ಡದು ಅಂತ ಗೊತ್ತಾಗಬೇಕಾದ್ರೆ 1760ರ ದಶಕದ ಗ್ಲಾಸ್ಗೋಗೆ ಹೋಗಬೇಕು. ಜೋಸೆಫ್ ಬ್ಲ್ಯಾಕ್ ಅನ್ನೋ ವೈದ್ಯ, ರಸಾಯನಶಾಸ್ತ್ರಜ್ಞ, ಐಸು ಕರಗೋಕೆ ಶಾಖ ಕುಡಿಯುತ್ತೆ ಆದ್ರೆ ಉಷ್ಣಾಂಶ ಮಾತ್ರ ಏರಲ್ಲ ಅನ್ನೋದನ್ನ ಅಳೆದು ತೋರಿಸಿದ, ನಾವು ಸ್ಕೂಲಲ್ಲಿ ಓದಿದ ಗುಪ್ತೋಷ್ಣ ಅದೇ. ಹಾಗಿಲ್ಲದಿದ್ರೆ ವಸಂತದ ಮೊದಲ ಬೆಚ್ಚನೆ ದಿನವೇ ಹಿಮವೆಲ್ಲ ಒಟ್ಟಿಗೆ ಕರಗಿ ಪ್ರವಾಹ ಬರ್ತಿತ್ತು ಅಂತ ಅವನ ವಾದ. ಈಗ ಲೆಕ್ಕ ಹಾಕಿ. ಒಂದು ಚದರ ಮೀಟರ್ ಜಾಗದಲ್ಲಿ 50 ಸೆಂಟಿಮೀಟರ್ ಐಸು ಅಂದ್ರೆ ಸುಮಾರು 460 ಕೆಜಿ, ಅದನ್ನ ಪೂರ್ತಿ ಕರಗಿಸೋ ಶಾಖದಲ್ಲಿ ಅಷ್ಟೇ ನೀರನ್ನ 0 ಡಿಗ್ರಿಯಿಂದ 80 ಡಿಗ್ರಿಗೆ ಕಾಯಿಸಬಹುದು. ಸೂರ್ಯನಿಗೆ ಅದು ಎರಡು ಮೂರು ದಿನದ ಕೆಲಸ ಅಲ್ಲವೇ ಅಲ್ಲ. ಆದ್ರೆ ಪೂರ್ತಿ ಕರಗಿಸೋ ಅಗತ್ಯ ಯಾರಿಗಿದೆ, ಸಂದಿ ಕರಗಿದ್ರೆ ಸಾಕು! ಇಡೀ ಬೀಗ ಒಡೆಯೋದಕ್ಕೂ ಸಣ್ಣ ಕೀಲಿಕೈ ತಿರುಗಿಸೋದಕ್ಕೂ ಇರೋ ವ್ಯತ್ಯಾಸ ಇದು.

1858ರಲ್ಲಿ ಜಾನ್ ಟಿಂಡಲ್ ಅನ್ನೋ ಭೌತವಿಜ್ಞಾನಿ ಇದರ ಅಣ್ಣತಮ್ಮನಂಥ ಇನ್ನೊಂದು ಅದ್ಭುತವನ್ನ ಬರೆದಿಟ್ಟಿದ್ದಾನೆ. ಐಸಿನ ತುಂಡಿನೊಳಗೆ ಸೂರ್ಯನ ಕಿರಣ ಹಾಯಿಸಿದ್ರೆ ಹೊರಗಡೆ ಎಲ್ಲ ಗಟ್ಟಿಯಾಗೇ ಇರುವಾಗ ಒಳಗೆ ಆರು ಎಸಳಿನ ಪುಟ್ಟ ಪುಟ್ಟ ನೀರಿನ ಹೂ ಅರಳುತ್ವೆ. ಬೆಳಕು ಒಳಗೆ ಹೋಗಿ ಅಲ್ಲೇ ಕರಗಿಸುತ್ತೆ ಅನ್ನೋಕೆ ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಗೊತ್ತಿಲ್ಲ.

ಚಳಿಗಾಲವೆಲ್ಲ ಐಸನ್ನ ಕಾಯೋದು ಮೇಲಿರೋ ಹಿಮ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಲ್ಲಿ ಶೇಕಡಾ 80ಕ್ಕಿಂತ ಜಾಸ್ತಿ ವಾಪಸ್ ಕಳಿಸಿಬಿಡುತ್ತೆ. ಹಿಮ ಹೋಯ್ತಾ, ಬಿಸಿಲಿಗೆ ಬಾಗಿಲು ತೆಗೆದಂಗೆ. ಸಂದಿಗಳು ಬಿಡ್ತವೆ, ನೀರು ತುಂಬ್ಕೊಳ್ಳುತ್ತೆ, ಬೆಳಕು ಚದುರದೆ ಸೀದಾ ಕೆಳಗಿನ ಕತ್ತಲ ನೀರಿಗೆ ಇಳಿಯುತ್ತೆ, ಅದಕ್ಕೇ ಐಸು ಕಪ್ಪಾಗಿ ಕಾಣೋದು. ಅಂಥ ಒಂದು ತುಂಡನ್ನ ದಡಕ್ಕೆ ಎಳೆದು ಬೂಟಿನ ತುದಿಯಿಂದ ತಟ್ಟಿ ನೋಡಿ, ಒಂದಡಿ ದಪ್ಪದ ಐಸು ಝಲ್ ಅಂತ ಉದ್ದುದ್ದ ಕಡ್ಡಿಗಳಾಗಿ ಉದುರುತ್ತೆ, ಒಂದೊಂದು ಬೆರಳಿನ ಗಾತ್ರ, ಗಾಜಿನಷ್ಟು ತಿಳಿ, ಕೈಯಲ್ಲಿ ಹಿಡಿದ್ರೆ ಈಗಲೂ ಗಟ್ಟಿ. ಮೇಣದ ಬತ್ತಿ ಥರ ಕಾಣೋದ್ರಿಂದ ಇದನ್ನ ಕ್ಯಾಂಡಲ್ ಐಸ್ ಅಂತಾರೆ. ಹೀಗೆ ಬಿಡಿಬಿಡಿಯಾಗಿ ತೇಲ್ತಿರೋ ಹಾಸಿನ ಮೇಲೆ ಒಂದು ಜೋರು ಗಾಳಿ ಬೀಸಿದ್ರೆ ಮುಗೀತು, ಅಲೆ ಎದ್ದು ಎಲ್ಲ ಪುಡಿಯಾಗಿ ದಡಕ್ಕೆ ಬಂದು ಕಿಣಿಕಿಣಿ ಅಂತ ಗುಡ್ಡೆ ಬೀಳುತ್ತೆ, ಉಳಿದ ಚೂರು ಕೆಲವೇ ಗಂಟೆಯಲ್ಲಿ ಕರಗುತ್ತೆ. ರಾತ್ರೋರಾತ್ರಿ ಮುಳುಗಿದ ಐಸಿನ ಕಥೆ ಇಷ್ಟೇ.

ಐಸು ಬಿಡೋ ದಿನ ಬರೆದಿಡೋ ಹುಚ್ಚು ಹಳೇದು. ಸ್ವೀಡನ್ ಫಿನ್‌ಲ್ಯಾಂಡ್ ಗಡಿಯ ಟೋರ್ನೆ ನದಿಯ ದಾಖಲೆ 1693ರಿಂದ ಇದೆ, ಅಲಾಸ್ಕದ ನೆನಾನಾದಲ್ಲಿ ನದಿಯ ಐಸು ಯಾವಾಗ ಬಿಡುತ್ತೆ ಅಂತ 1917ರಿಂದ ನಿಮಿಷದ ಲೆಕ್ಕದಲ್ಲಿ ಬಾಜಿ ಕಟ್ತಾರೆ, ಆ ಬಾಜಿಯ ಪುಸ್ತಕ ಈಗ ಹವಾಮಾನ ವಿಜ್ಞಾನಿಗಳಿಗೆ ಬಂಗಾರ. ಇಂಥ ದಾಖಲೆಗಳನ್ನೆಲ್ಲ ಕೂಡಿಸಿ ನೋಡಿದಾಗ 1846ರಿಂದ 1995ರವರೆಗೆ ಐಸು ಬಿಡೋ ದಿನ ನೂರು ವರ್ಷಕ್ಕೆ ಸರಾಸರಿ 6.5 ದಿನ ಮುಂಚೆ ಬಂದಿದೆ.

ಈಗ ಮೀನಿನ ವಿಷಯ. ತಿಂಗಳುಗಟ್ಟಲೆ ಮುಚ್ಚಿದ ನೀರಲ್ಲಿ ಆಮ್ಲಜನಕ ಕಮ್ಮಿ ಆಗಿರುತ್ತೆ, ತಳದಲ್ಲಂತೂ ಇನ್ನೂ ಕಮ್ಮಿ. ಹಿಮ ಕರಗಿದ ನೀರು ಹಳ್ಳಗಳಿಂದ, ಐಸಿನ ತೂತುಗಳಿಂದ ಒಳಗೆ ಬಂದಂಗೆ ಮೀನು ಅದನ್ನ ಹುಡುಕಿಕೊಂಡು ದಡದ ಕಡೆ ಬರುತ್ತೆ, ಹಸಿವೂ ಜೋರು. ಐಸಿನ ಮೇಲೆ ಮೀನು ಹಿಡಿಯೋ ಸೀಸನ್ನಿನ ಕೊನೆ ವಾರಗಳಲ್ಲಿ ಗಾಳಕ್ಕೆ ಒಳ್ಳೆ ಮೀನು ಬೀಳೋದು ಇದಕ್ಕೇ. ಕಷ್ಟ ಏನಂದ್ರೆ ದಡದ ಐಸೇ ಮೊದಲು ಹೋಗೋದು, ಮಣ್ಣು ಬಿಸಿಲಿಗೆ ಕಾಯುತ್ತಲ್ಲ. ರಾತ್ರಿ ಚಳಿಗೆ ಸಂದಿಗಳು ಮತ್ತೆ ಅಂಟಿಕೊಂಡಿರುತ್ವೆ, ಬೆಳಗ್ಗೆ ಏಳಕ್ಕೆ ಹೊತ್ತ ಅದೇ ದಾರಿ ಮಧ್ಯಾಹ್ನ ಎರಡಕ್ಕೆ ಹೊರಲ್ಲ. ಅನುಭವಸ್ಥರು ಕೈಯಲ್ಲಿ ಹಾರೆ ಹಿಡಿದು ಹೆಜ್ಜೆಹೆಜ್ಜೆಗೂ ಕುಟ್ಟಿ ನೋಡ್ತಾರೆ, ಹಾರೆ ಕಚಕ್ ಅಂತ ಒಳಗೆ ಹೋದ್ರೆ ಬಂದ ದಾರಿಲೇ ವಾಪಸ್. ಬಿದ್ದವರಿಗೆ ಕೆನಡಾದಲ್ಲಿ ಕಲಿಸೋ ಲೆಕ್ಕ 1-10-1: ಉಸಿರು ಹತೋಟಿಗೆ ಬರೋಕೆ 1 ನಿಮಿಷ, ಕೈಕಾಲು ಮಾತು ಕೇಳೋದು 10 ನಿಮಿಷ, ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ. ಐಸು ಹೋದ ಮೇಲೆ ದೋಣಿ ಇಳಿಸಿದ ಮೊದಲ ವಾರಗಳಿಗೂ ಇದೇ ಲೆಕ್ಕ, ಗಾಳಿ ಎಷ್ಟೇ ಬೆಚ್ಚಗಿರಲಿ ನೀರು ಇನ್ನೂ 4, 5 ಡಿಗ್ರಿಯಲ್ಲೇ ಇರುತ್ತೆ, ಲೈಫ್ ಜಾಕೆಟ್ ದೋಣಿಯಲ್ಲಿದ್ರೆ ಸಾಲದು, ಮೈಮೇಲೆ ಇರಬೇಕು.

ಆ 4 ಡಿಗ್ರಿಗೆ ಇನ್ನೊಂದು ಮಹಿಮೆ ಇದೆ. ನೀರು ಅತಿ ಭಾರ ಇರೋದು ಅಲ್ಲೇ, ಮೇಲಿನ ನೀರು ಅಲ್ಲಿಗೆ ಬಂದ ಮೇಲೆ ಮೇಲೆ ಕೆಳಗೆ ಅನ್ನೋ ಭೇದವೇ ಇರಲ್ಲ, ಗಾಳಿ ಇಡೀ ಸರೋವರವನ್ನ ತಳದ ತನಕ ಕಲಕಿಬಿಡುತ್ತೆ, ಆಮ್ಲಜನಕ ತಳಕ್ಕೆ ತಲುಪುತ್ತೆ. ಅಲ್ಲಿಂದ ಮೀನು ಎಲ್ಲಿ ಬೇಕಾದ್ರೂ ಇರಬಹುದು, ಹಾಗಾಗಿ ಬೇಗ ಕಾಯೋ ಜಾಗ ಹುಡುಕಬೇಕು: ಉತ್ತರ ದಡದ ಆಳವಿಲ್ಲದ ಮೂಲೆಗಳು, ದಕ್ಷಿಣದ ಬಿಸಿಲು ನೇರ ಬೀಳೋ ಕಪ್ಪು ಕೆಸರಿನ ತಳ. ಗಾಳವನ್ನ ನಿಧಾನಕ್ಕೆ ಎಳೀಬೇಕು, ತಣ್ಣೀರಲ್ಲಿ ಮೀನಿನ ಮೈಯೂ ನಿಧಾನ. ಪೈಕ್ ಮೀನು ಮಾತ್ರ ಯಾರಿಗೂ ಕಾಯಲ್ಲ, ಸರೋವರದ ಮಧ್ಯೆ ಐಸು ಇನ್ನೂ ತೇಲ್ತಿರುವಾಗಲೇ ದಡದಲ್ಲಿ ಮೊಣಕಾಲುದ್ದ ನೀರಲ್ಲಿ ಮುಳುಗಿದ ಹಳೇ ಹುಲ್ಲಿನ ನಡುವೆ ಬಂದು ಮೊಟ್ಟೆ ಇಡ್ತಿರುತ್ತೆ, ಬೆನ್ನು ಅರ್ಧ ನೀರಿಂದ ಹೊರಗೆ.